ಮಾಲ್ಗುಡಿಯಾಗಿ ನಿಂತ ಅರಸಾಳು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯಲ್ಲಿ ಅರಸಾಳು ಎಂಬ ಸಣ್ಣ ನಿಲ್ದಾಣವಿದೆ. ಶಂಕರ್‌ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡುವಾಗ ಮಾಲ್ಗುಡಿಯ ರೈಲು ನಿಲ್ದಾಣವಾಗಿ ತೋರಿಸಿದ್ದು ಇದನ್ನೇ. ಪಾಳುಬಿದ್ದಿದ್ದ ಅದರ ಹಳೆಯ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆಯಿತು. ಕೆಲಸವನ್ನು ಕೈಗೆತ್ತಿಕೊಂಡವರು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್. ನಿಲ್ದಾಣಕ್ಕೇ ಮಾಲ್ಗುಡಿ ಎಂದು ಹೆಸರಿಡುವ ಮಾತೂ ಅದಕ್ಕೆ ಮುಂಚೆ ಸುದ್ದಿಯಾಗಿತ್ತು.

ಒಂದು ಊರು ತನ್ನಲ್ಲಿ ನಡೆದ ಶೂಟಿಂಗನ್ನು ಚರಿತ್ರೆಯೆಂದು ಸಂಭ್ರಮಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಂಭ್ರಮದಲ್ಲಿ ನೆನಪಾಗುತ್ತಿರುವುದು ಯಾವ ಊರು? ಅರಸಾಳು ನಕ್ಷೆಯಲ್ಲಿದೆ, ಮಾಲ್ಗುಡಿ ಇಲ್ಲ. ಇರುವ ಊರಿಗೆ ಬೆಲೆ ಬಂದದ್ದು ಇಲ್ಲದ ಊರಿನ ವೇಷ ಹಾಕಿದ್ದರಿಂದ. ಸಿಂಧನೂರಿನ ಕಡೆಯಿಂದ ಬಂದ ನನಗೆ ಈ ಪ್ರಶ್ನೆ ಬರೀ ಸಿದ್ಧಾಂತದ್ದಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಆರ್.ಕೆ. ನಾರಾಯಣ್ ಅವರ ಪುಸ್ತಕಗಳತ್ತ ನೋಡೋಣ. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಿಂದಲೇ ಮಾಲ್ಗುಡಿ ಶುರುವಾಗುತ್ತದೆ. ಸರಯೂ ನದಿ, ನಲ್ಲಪ್ಪನ ತೋಪು, ಆಲ್ಬರ್ಟ್ ಮಿಷನ್ ಶಾಲೆ, ಮಾರ್ಕೆಟ್ ರೋಡ್, ಲಾಲೀ ಎಕ್ಸ್‌ಟೆನ್ಷನ್, ಮುಂದಿನ ಕಾದಂಬರಿಗಳಲ್ಲಿ ಮೆಂಪಿ ಕಾಡು. ಇಷ್ಟೆಲ್ಲ ಹೆಸರುಗಳಿದ್ದರೂ ಊರು ಹೇಗೆ ಕಾಣುತ್ತದೆಂದು ನಾರಾಯಣ್ ಹೇಳುವುದು ಬಹಳ ಕಡಿಮೆ. ಮನೆಯ ಮಾಡು ಹೆಂಚಿನದೋ ತಾರಸಿಯದೋ, ಮಣ್ಣು ಕೆಂಪೋ ಕಪ್ಪೋ ಎಂಬುದರಲ್ಲಿ ಅವರಿಗೆ ಅಂಥ ಆಸಕ್ತಿಯಿಲ್ಲ. ಬಿಸಿಲು, ಧೂಳು, ಜಗಲಿ, ಅಂಗಡಿ ಇಷ್ಟರಲ್ಲಿ ಊರನ್ನು ಮುಗಿಸಿ ಮನುಷ್ಯರ ಕಡೆಗೆ ತಿರುಗುತ್ತಾರೆ. ಹಾಗಾಗಿ ಓದುಗ ತನ್ನ ಊರನ್ನೇ ಅಲ್ಲಿ ತುಂಬಿಕೊಳ್ಳಬಹುದು. ನಾನು ಪದವಿ ತರಗತಿಯಲ್ಲಿ ಮೊದಲ ಸಲ ಓದಿದಾಗ ಸ್ವಾಮಿ ಓಡಾಡಿದ್ದು ನಮ್ಮ ಕಡೆಯ ಕಾಲುವೆ ದಂಡೆಯ ಮೇಲೆ.

ಧಾರಾವಾಹಿ ಈ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಕಿತ್ತುಕೊಂಡು ಬಹಳ ದೊಡ್ಡದೊಂದನ್ನು ಕೊಟ್ಟಿತು ಎಂದೂ ಒಪ್ಪಬೇಕು. ಶಂಕರ್‌ ನಾಗ್ ಆರಿಸಿದ್ದು ಬಯಲುಸೀಮೆಯ ಪಟ್ಟಣವನ್ನಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ದಕ್ಷಿಣದ ಚಿರಾಪುಂಜಿ ಎಂದು ಹೆಸರಾದ, ಮಳೆಗಾಲದಲ್ಲಿ ಕೊಡೆ ಮಡಚುವಂತಿಲ್ಲದ ಊರದು. ಅಲ್ಲಿನ ದೊಡ್ಡಮನೆಯ ಮರದ ಕಂಬಗಳು, ತೊಟ್ಟಿಯಲ್ಲಿ ಬೀಳುವ ಬೆಳಕು, ಹೆಂಚಿನ ಇಳಿಜಾರು, ಹಸಿರಿನ ನಡುವೆ ಬಾಗಿ ಹೋಗುವ ರಸ್ತೆ, ಇವೆಲ್ಲ ಸೇರಿ ನಾರಾಯಣ್ ಬರೆಯದೇ ಬಿಟ್ಟಿದ್ದ ಮೈಯನ್ನು ಮಾಲ್ಗುಡಿಗೆ ಕೊಟ್ಟವು. ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಇಂದು ಮಾಲ್ಗುಡಿ ಎಂದರೆ ನಮ್ಮ ತಲೆಮಾರಿಗೂ ಕಣ್ಣ ಮುಂದೆ ಬರುವುದು ಮಲೆನಾಡೇ. ಪಠ್ಯದಲ್ಲಿ ಇಲ್ಲದ ಭೂಗೋಳ ಪಠ್ಯವನ್ನೇ ಆಕ್ರಮಿಸಿದ ಇಂಥ ಉದಾಹರಣೆ ನಮ್ಮಲ್ಲಿ ಹೆಚ್ಚಿಲ್ಲ.

ಆದರೆ ಈ ಮೈಗೆ ಬಾಯಿ ಇರಲಿಲ್ಲ. ಧಾರಾವಾಹಿ ಮಾತಾಡಿದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ದೂರದರ್ಶನಕ್ಕಾಗಿ ಮಾಡಿದ್ದರಿಂದ ಅದು ಅನಿವಾರ್ಯವೂ ಆಗಿತ್ತು. ತಮಿಳು ಮನೆಮಾತಿನ ಲೇಖಕ ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ ಊರನ್ನು ಕನ್ನಡದ ನಟರು ಕನ್ನಡದ ನೆಲದಲ್ಲಿ ನಿಂತು ಹಿಂದಿಯಲ್ಲಿ ಆಡಿ ತೋರಿಸಿದರು. ಇದನ್ನು ಭಾರತದ ವೈವಿಧ್ಯವೆಂದು ಹೊಗಳಿ ಸುಮ್ಮನಾಗುವುದು ಸುಲಭ. ನನಗೆ ಕುತೂಹಲ ಹುಟ್ಟಿಸುವುದು ಚೌಕಟ್ಟಿನ ಅಂಚು: ಹಿಂದೆ ಹಾದುಹೋಗುವವರು, ಬಾಗಿಲಲ್ಲಿ ನಿಂತವರು, ಅಂಗಡಿಯ ಕಟ್ಟೆಯ ಮೇಲೆ ಕೂತವರು. ಆ ಊರಿನ ಮಾತು ಒಂದು ಕ್ಷಣ ಕೇಳಿಸಬಹುದಿದ್ದ ಜಾಗವೂ ಅದೇ. ಅಲ್ಲೆಲ್ಲ ಎಲ್. ವೈದ್ಯನಾಥನ್ ಅವರ ಸಂಗೀತವಿದೆ. ಆ ಸಂಗೀತ ನನಗೂ ಇಷ್ಟವೇ, ಆ ಮಾತು ಬೇರೆ.

ಇದಕ್ಕೆ ಎದುರಾದ ಕಥೆಯೊಂದು ನಾರಾಯಣ್ ಅವರ ಬದುಕಿನಲ್ಲೇ ಇದೆ. ‘ದಿ ಗೈಡ್’ ಕಾದಂಬರಿಯನ್ನು ಸಿನಿಮಾ ಮಾಡಲು ಬಂದವರಿಗೆ ಅವರು ಮೈಸೂರಿನ ಸುತ್ತಮುತ್ತಲಿನ ಜಾಗಗಳನ್ನು ಖುದ್ದಾಗಿ ತೋರಿಸಿದರು. ಆಮೇಲೆ ನೋಡಿದರೆ ಚಿತ್ರೀಕರಣ ನಡೆಯುತ್ತಿದ್ದದ್ದು ರಾಜಸ್ಥಾನದಲ್ಲಿ. 1965ರ ಆ ಚಿತ್ರದ ಬಗ್ಗೆ ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ಅವರು ಮೇಲುನೋಟಕ್ಕೆ ನಗುತ್ತ, ಒಳಗೆ ಸಾಕಷ್ಟು ಸಿಟ್ಟಿನಿಂದ ಬರೆದಿದ್ದಾರೆ. ಮಾಲ್ಗುಡಿ ಎಲ್ಲಿ ಬೇಕಾದರೂ ಇರಬಹುದು ಎಂಬುದು ಸಿನಿಮಾದವರ ವಾದ. ತಮಾಷೆಯೆಂದರೆ ವಿಮರ್ಶಕರು ಮಾಲ್ಗುಡಿಯನ್ನು ಮೆಚ್ಚಿ ಆಡುವ ಮಾತೂ ಇದೇ. ವಿಮರ್ಶಕನ ಬಾಯಲ್ಲಿ ಬಂದಾಗ ಅದು ಸಾರ್ವತ್ರಿಕತೆ, ನಿರ್ಮಾಪಕನ ಬಾಯಲ್ಲಿ ಬಂದಾಗ ಅಪಚಾರ. ನಾರಾಯಣ್ ಅವರಿಗೆ ಅದು ಸಂಕಟ ತಂದದ್ದನ್ನು ನೋಡಿದರೆ ಕಲ್ಪನೆಯ ಊರಿಗೂ ಅದರ ಲೇಖಕನ ಮನಸ್ಸಿನಲ್ಲಿ ಒಂದು ವಿಳಾಸ ಇದ್ದೇ ಇತ್ತು.

ಊರಿನ ಹೆಸರು, ಸ್ಮಾರಕ, ಸಂಭ್ರಮ ಇವುಗಳನ್ನು ನಾರಾಯಣ್ ಬಿಟ್ಟವರೂ ಅಲ್ಲ. ‘ಲಾಲೀ ರೋಡ್’ ಕಥೆಯಲ್ಲಿ ಸ್ವಾತಂತ್ರ್ಯ ಬಂದ ಉತ್ಸಾಹದಲ್ಲಿ ಮಾಲ್ಗುಡಿಯ ಪುರಸಭೆ ಬೀದಿಗಳ ಹೆಸರನ್ನೆಲ್ಲ ಬದಲಿಸುತ್ತದೆ, ಕೊನೆಗೆ ಯಾರಿಗೂ ಯಾವ ವಿಳಾಸವೂ ಸಿಗದಂತಾಗುತ್ತದೆ. ಲಾಲೀ ಸಾಹೇಬನ ಪ್ರತಿಮೆಯನ್ನು ಕಷ್ಟಪಟ್ಟು ಕಿತ್ತ ಮೇಲೆ ಅವನು ಕ್ರೂರಿಯಲ್ಲ, ಊರಿಗೆ ಉಪಕಾರ ಮಾಡಿದ ಬೇರೊಬ್ಬ ಲಾಲೀ ಎಂದು ತಿಳಿಯುತ್ತದೆ. ಅರಸಾಳಿಗೆ ಮಾಲ್ಗುಡಿ ಎಂದು ಹೆಸರಿಡಲು ಹೊರಟ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಕಥೆ. ಗೌರವ ಸಲ್ಲಿಸುವ ಮೊದಲು ಗೌರವಕ್ಕೆ ಪಾತ್ರನಾದ ಲೇಖಕನನ್ನು ಒಮ್ಮೆ ಓದಬಹುದಿತ್ತು.

ರಾಮನಗರದ್ದು ಇನ್ನೂ ದೊಡ್ಡ ವೇಷ. 1973ರ ಅಕ್ಟೋಬರಿನಲ್ಲಿ ಅಲ್ಲಿನ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣ ಶುರುವಾಗಿ, ರಾಮಘಡ ಎಂಬ ಇಡೀ ಹಳ್ಳಿ ಎದ್ದಿತು. ಕೆಲಸ ಮುಗಿದ ಮೇಲೆ ಕಿತ್ತುಹೋಯಿತು. ಊರಿಗೆ ಹೆಸರುಗಳ ಬರ ಎಂದೂ ಇರಲಿಲ್ಲ. ಶಂಸೇರಾಬಾದ್, ಬ್ಯಾರಿ ಕ್ಲೋಸ್‌ನಿಂದ ಬಂದ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಅದೇ ವರ್ಷ ‘ಶೋಲೆ’ಗೆ 50 ತುಂಬಿತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬದುಕುವ ಊರು, ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದ ನೆಲ. ಆದರೂ ಹೊರಗಿನವರು ಬಂದು ಕೇಳುವುದು ಗಬ್ಬರ್ ಕೂತ ಬಂಡೆ ಎಲ್ಲಿದೆ ಎಂದು. ಅದೇ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಆ ಬೆಟ್ಟದಲ್ಲಿ ‘ಶೋಲೆ’ಗಿಂತ ಹಳಬರು ಯಾರೆಂದು ಕೇಳಿದರೆ ಹದ್ದುಗಳೇ.

ಈಗ ನಮ್ಮ ಕಡೆಗೆ ಬರುತ್ತೇನೆ. ಮಸ್ಕಿಯಲ್ಲಿರುವ ನಮ್ಮ ಕಾಕಾ ಒಬ್ಬರು ಹೋದ ವರ್ಷ ನನ್ನ ಸಂಶೋಧನೆಯ ವಿಷಯ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಅಶೋಕನ ಕಲ್ಲು ಇಟ್ಕೊಂಡು ಏನ್ ಮಾಡೋದೈತೋ ತಮ್ಮಾ. ಒಂದು ಪಿಚ್ಚರ್ ಶೂಟಿಂಗ್ ಆಗಿದ್ರ ಮಂದಿ ಬಸ್ ಮಾಡ್ಕೊಂಡು ಬರ್ತಿದ್ರು.” ಅವರು ಚೇಷ್ಟೆಗೆ ಹೇಳಿದ್ದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ತಾಲ್ಲೂಕುಗಳಲ್ಲಿ ಇಂಥ ಆಸೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು, ಮುದಗಲ್ಲಿನ ಕೋಟೆ. ಕ್ಯಾಮೆರಾಗಳು ಇವನ್ನೆಲ್ಲ ಬದಿಗಿಟ್ಟು ಹಂಪಿ, ಆನೆಗುಂದಿಯ ಬಂಡೆಗಳಿಗೆ ಹೋಗುತ್ತವೆ. ನಮ್ಮ ಮಾತು ಮಾತ್ರ ಸಿನಿಮಾದೊಳಗೆ ಹೋಗುತ್ತದೆ, ಅದೂ ಬಹಳ ಸಲ ನಗಿಸುವುದಕ್ಕೆ. ಚಿನ್ನದ ವಿಷಯ ನೋಡಿ. ಇಂದಿಗೂ ಗಣಿಯಿಂದ ಚಿನ್ನ ತೆಗೆಯುತ್ತಿರುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ. ದೇಶದ ಪ್ರೇಕ್ಷಕರ ತಲೆಯಲ್ಲಿ ಕೂತಿರುವ ಚಿನ್ನವೋ 2001ರಲ್ಲಿ ಮುಚ್ಚಿದ ಕೋಲಾರದ್ದು. ಹಾಗೆಂದು ‘ಕೆಜಿಎಫ್’ ಬಂದದ್ದರಿಂದ ಕೋಲಾರದ ಗಣಿ ಕಾರ್ಮಿಕರ ಬದುಕು ಹೆಚ್ಚು ಗೊತ್ತಾಯಿತೆಂದೂ ನನಗೆ ಅನ್ನಿಸುವುದಿಲ್ಲ.

ಕಾಕಾ ಬೇಡವೆಂದ ಕಲ್ಲಿನ ವಿಷಯ. 1915ರಲ್ಲಿ ಹಟ್ಟಿ ಕಡೆ ಚಿನ್ನದ ಕೆಲಸಕ್ಕೆ ಬಂದಿದ್ದ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಅವನು ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಸಹಾಯದಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ಹೇಳಿತು. ಆಮೇಲೆ ಗುಜ್ಜರಾ, ನಿಟ್ಟೂರು, ಉದೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಬೇರೆಯವರ ಹೆಸರು ತೊಟ್ಟು ಹೆಸರಾದ ಅರಸಾಳು, ಬಿರುದಿನ ಹಿಂದೆ ಮರೆಯಾಗಿದ್ದ ರಾಜನ ಹೆಸರನ್ನು ಹೊರಗೆ ತಂದ ಮಸ್ಕಿ, ಈ ಎರಡನ್ನೂ ಒಟ್ಟಿಗಿಟ್ಟು ನೋಡುವ ಚಟ ನನಗೆ ಹತ್ತಿಬಿಟ್ಟಿದೆ. ಆದರೆ ಕಾಕಾನ ಮಾತನ್ನು ಅಜ್ಞಾನವೆಂದು ತಳ್ಳುವುದು ಪಟ್ಟಣದ ಸೊಕ್ಕು. ಅವರಿಗೆ ಗೊತ್ತಿರುವುದು ಸರಳ: ಕಲ್ಲಿನ ಹತ್ತಿರ ಬರುವವರು ಓದಿ ಹೋಗುತ್ತಾರೆ, ಪಿಚ್ಚರಿನ ಜಾಗಕ್ಕೆ ಬರುವವರು ಚಹಾ ಕುಡಿಯುತ್ತಾರೆ, ಊಟ ಮಾಡುತ್ತಾರೆ, ರಾತ್ರಿ ಉಳಿಯುತ್ತಾರೆ. ಆಗುಂಬೆ ಅದಕ್ಕೆ ಸಾಕ್ಷಿ.

ಹಾಗಾದರೆ ವೇಷ ಹಾಕದೆ ಸಿನಿಮಾದಲ್ಲಿ ಬರಲು ಊರಿಗೆ ಸಾಧ್ಯವೇ ಇಲ್ಲವೇ? ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದುರ್ಗವನ್ನು ಚಿತ್ರದುರ್ಗವಾಗಿಯೇ ತೋರಿಸಿತು. ಕೋಟೆ ಅಲ್ಲಿ ಹಿನ್ನೆಲೆಯಾಗಿ ಸುಮ್ಮನಿಲ್ಲ, ಕಥೆಯ ಒಳಗೇ ಬರುತ್ತದೆ. ಇನ್ನೂ ಗಟ್ಟಿ ಉದಾಹರಣೆ ರಾಮ್ ರೆಡ್ಡಿಯವರ ‘ತಿಥಿ’. ಕಥೆ ಬರೆದ ಈರೇಗೌಡರಿಗೆ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಒಳಗಿನಿಂದ ಗೊತ್ತಿದ್ದ ಊರು. ಬಣ್ಣ ಹಚ್ಚಿ ಅಭ್ಯಾಸವಿಲ್ಲದ ಹಳ್ಳಿಯವರೇ ತಮ್ಮ ಮಾತಿನಲ್ಲೇ ಅಭಿನಯಿಸಿದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. ಜಗಳ, ಬೈಗುಳ, ನಡಿಗೆಯ ನಿಧಾನ, ಕುರಿಗಾಹಿಗಳ ಬಿಡಾರ, ಇವುಗಳಲ್ಲಿ ಯಾವುದನ್ನೂ ಬೇರೆ ಊರಿಗೆ ಎತ್ತಿಕೊಂಡು ಹೋಗಿ ಅದೇ ಸಿನಿಮಾ ಮಾಡಲಾಗದು. ಅಲ್ಲೂ ಎಲ್ಲ ಸರಿಯಾಗಿತ್ತೆಂದಲ್ಲ. ಗಡ್ಡಪ್ಪನ ಆ ನಿಶ್ಚಿಂತ ನಡಿಗೆಯನ್ನು ಆಮೇಲಿನ ಸಿನಿಮಾಗಳು ಒಂದು ಅಚ್ಚಾಗಿ ಮಾಡಿ ಬಳಸಿಕೊಂಡವು, ಮೊದಲ ಸಲ ಇದ್ದ ಘನತೆ ಮತ್ತೆ ಕಾಣಲಿಲ್ಲ.

ಅರಸಾಳಿನಂಥ ಮ್ಯೂಸಿಯಮ್ಮುಗಳಿಂದ ನಾನು ಬಯಸುವುದು ಈ ಹೋಲಿಕೆಯಿಂದ ಬಂದದ್ದು. ಪಾತ್ರಗಳ ಚಿತ್ರ, ಕಥೆಗಳ ನೆನಪು ಇರಲಿ. ಅವುಗಳ ಜೊತೆ ಶೂಟಿಂಗ್ ಎಂಬ ಕೆಲಸದ ಚರಿತ್ರೆಯೂ ಬೇಕು. ಧಾರಾವಾಹಿಗೆ ಆಗುಂಬೆ ಕೊಟ್ಟದ್ದು ಬರೀ ನೋಟವನ್ನಲ್ಲ. ತಿಂಗಳುಗಟ್ಟಲೆ ಒಂದು ತಂಡ ಒಂದು ಸಣ್ಣ ಊರಿನಲ್ಲಿ ನಿಂತರೆ ಅಡುಗೆ ಆಗಬೇಕು, ಮನೆಯ ಒಳಗಿನ ಸಾಮಾನು ಸರಿಸಬೇಕು, ಮಳೆ ನಿಲ್ಲುವವರೆಗೆ ಕಾಯಬೇಕು. ಬಡಗಿಗಳು, ಅಡುಗೆಯವರು, ದೀಪ ಹಿಡಿದವರು, ಹಿನ್ನೆಲೆಯಲ್ಲಿ ನಡೆದುಹೋದವರು, ಇವರ ಮಾತುಗಳನ್ನು ಧ್ವನಿಮುದ್ರಿಸಿ ಇಡುವುದಕ್ಕೆ ದೊಡ್ಡ ಖರ್ಚಿಲ್ಲ. ಕಾಲ ಮಾತ್ರ ಹೆಚ್ಚಿಲ್ಲ. ಧಾರಾವಾಹಿ ಬಂದು ಹತ್ತಿರ ಹತ್ತಿರ 40 ವರ್ಷವಾಯಿತು. ಆಗ ಕ್ಯಾಮೆರಾದ ಸುತ್ತ ನೆರೆದ ಮಕ್ಕಳಿಗೆ ಈಗ ಐವತ್ತರ ಆಸುಪಾಸು, ದೊಡ್ಡವರಾಗಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಸ್ವಾಮಿ ಹಿಂದಿಯಲ್ಲಿ ಅಜ್ಜಿಗೆ ಏನೋ ಹೇಳುತ್ತಿದ್ದಾಗ ಬಾಗಿಲ ಹೊರಗೆ ನಿಂತು ನೋಡಿದವರು ಆ ಮಾತನ್ನು ಕನ್ನಡದಲ್ಲಿ ಏನೆಂದು ಅರ್ಥ ಮಾಡಿಕೊಂಡರು ಎಂಬುದನ್ನು ಅವರಿಂದಲೇ ಕೇಳಬೇಕು.