ಎಚ್ಚರಿಕೆಯ ಮಾತೂ ಸೂತ್ರದ ತಿದ್ದುಪಡಿಯೂ: ‘ಟಾರ್‌ಫೈಲ್’ ಪ್ರಕರಣದ ವಿಮರ್ಶೆ

ಶಾಸ್ತ್ರಗ್ರಂಥದಲ್ಲಿ ದೋಷವೊಂದು ಕಂಡುಬಂದಾಗ ಅದನ್ನು ಪರಿಹರಿಸುವ ಬಗೆ ಎರಡು. ಸೂತ್ರವನ್ನೇ ತಿದ್ದುವುದು ಒಂದು. ಸೂತ್ರವನ್ನು ಇದ್ದಂತೆಯೇ ಉಳಿಸಿ, ಓದುವವನು ಎಡವದಿರಲೆಂದು ವೃತ್ತಿಯಲ್ಲಿ ಒಂದು ಮಾತನ್ನು ಸೇರಿಸುವುದು ಮತ್ತೊಂದು. ಎರಡನೆಯದು ಪರಿಹಾರವೆನಿಸಿಕೊಳ್ಳಬಲ್ಲುದೇ ಎಂಬುದನ್ನು ಪೈಥಾನ್ ಎಂಬ ಗಣಕಭಾಷೆಯ ಒಂದು ಪ್ರಕರಣದ ಮೂಲಕ ಇಲ್ಲಿ ವಿಚಾರಿಸುವೆವು. ಗಣಕದ ಪ್ರೋಗ್ರಾಮೂ ಒಂದು ಬಗೆಯ ವಾಙ್ಮಯವೇ. ಅದಕ್ಕೂ ಕರ್ತೃಗಳುಂಟು, ವ್ಯಾಖ್ಯಾನವುಂಟು, ಪಾಠಭೇದಗಳುಂಟು. ಆದುದರಿಂದ ಈ ವಿಷಯವು ಇಲ್ಲಿ ಅಪ್ರಸ್ತುತವೆಂದು ವಾಚಕಮಹಾಶಯರು ಎಣಿಸಲಾರರೆಂದು ನಂಬಿದ್ದೇವೆ.

ಪೈಥಾನಿನೊಡನೆ ‘ಸ್ಟ್ಯಾಂಡರ್ಡ್ ಲೈಬ್ರರಿ’ ಎಂಬ ಭಂಡಾರವು ಕೂಡಿಯೇ ಬರುತ್ತದೆ. ಎಲ್ಲರಿಗೂ ಬೇಕಾಗುವ ಕೆಲಸಗಳಿಗೆ ಭಾಷೆಯ ಪಾಲಕರೇ ಪ್ರೋಗ್ರಾಮುಗಳನ್ನು ರಚಿಸಿ ಅದರಲ್ಲಿ ಇರಿಸಿರುವರು. ‘ಟಾರ್‌ಫೈಲ್’ ಎಂಬುದು ಅವುಗಳಲ್ಲೊಂದು. ಅನೇಕ ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟುವ ‘ಟಾರ್’ ಎಂಬ ಕ್ರಮವು 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದದ್ದು. ಅಂಥ ಕಟ್ಟುಗಳನ್ನು ಕಟ್ಟುವುದೂ ಬಿಚ್ಚುವುದೂ ಇದರ ಕಾರ್ಯ. ಕಟ್ಟಿನೊಳಗೆ ಪ್ರತಿಯೊಂದು ಫೈಲಿನ ಹೆಸರೂ ಬರೆದಿರುತ್ತದೆ. ಹೆಸರಿನಲ್ಲಿ ಎರಡು ಚುಕ್ಕಿಗಳನ್ನು ಒತ್ತಿಗೆ ಇಟ್ಟರೆ ‘ಮೇಲಿನ ಫೋಲ್ಡರಿಗೆ ಹೋಗು’ ಎಂದರ್ಥ. ದುರುದ್ದೇಶವುಳ್ಳವನೊಬ್ಬನು ಇದನ್ನು ನಾಲ್ಕಾರು ಸಲ ಬರೆದು ಕಟ್ಟನ್ನು ಕಳುಹಿದರೆ, ಬಿಚ್ಚುವವನು ಗೊತ್ತುಮಾಡಿದ ಫೋಲ್ಡರನ್ನು ದಾಟಿ, ಗಣಕದಲ್ಲಿ ಬೇರೆಲ್ಲಿಯೋ ಇರುವ ಫೈಲನ್ನು ಅಳಿಸಿ ಅದರ ಸ್ಥಾನದಲ್ಲಿ ಅವನ ಫೈಲು ಬಂದು ಕೂಡುತ್ತದೆ.

ಈ ದೋಷವು 2007ರಲ್ಲಿಯೇ ಪ್ರಕಟವಾಗಿ, ಸಿವಿಇ-2007-4559 ಎಂಬ ಸಂಖ್ಯೆಯನ್ನೂ ಪಡೆಯಿತು. ಆಗ ಪಾಲಕರ ಪಕ್ಷವು ಹೀಗಿತ್ತು: ಪ್ರೋಗ್ರಾಮು ಪಾಸಿಕ್ಸ್ ಎಂಬ ಸ್ಥಾಪಿತ ನಿಯಮಕ್ಕೆ ಅನುಗುಣವಾಗಿಯೇ ನಡೆಯುತ್ತಿದೆ, ಆದುದರಿಂದ ಅದರಲ್ಲಿ ತಪ್ಪಿಲ್ಲ. ಹೀಗೆ ನಿರ್ಣಯಿಸಿ, ನಂಬಲಾಗದ ಮೂಲದಿಂದ ಬಂದ ಕಟ್ಟನ್ನು ಪರೀಕ್ಷಿಸದೆ ಬಿಚ್ಚಬಾರದೆಂಬ ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಸೇರಿಸಿ ವಿಷಯವನ್ನು ಮುಗಿಸಿದರು.

ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಬಿಡುವುದು ನ್ಯಾಯವಲ್ಲ. ತನ್ನ ಗಣಕವನ್ನೇ ಸಮಗ್ರವಾಗಿ ಕಟ್ಟಿಟ್ಟು ಮತ್ತೆ ಬಿಚ್ಚಿಕೊಳ್ಳುವವನಿಗೆ ಪೂರ್ಣಮಾರ್ಗವುಳ್ಳ ಹೆಸರುಗಳು ಬೇಕು, ಅನುಮತಿಯ ಗುರುತುಗಳು ಇದ್ದಂತೆಯೇ ಬೇಕು. ನಡತೆಯನ್ನು ಹಠಾತ್ತಾಗಿ ಬದಲಿಸಿದರೆ ಅವನ ಕಾರ್ಯವು ಕೆಡುತ್ತದೆ. ಇಷ್ಟನ್ನು ಒಪ್ಪಿದರೂ ಎಚ್ಚರಿಕೆಯೊಂದರಿಂದಲೇ ದೋಷವು ಪರಿಹಾರವಾಯಿತೆಂಬುದನ್ನು ನಾವು ಒಪ್ಪಲಾರೆವು. ಅದೇಕೆಂದರೆ, ಯಾವ ಕೈಪಿಡಿಯಲ್ಲಿ ಎಚ್ಚರಿಕೆಯು ಅಚ್ಚಾಗಿತ್ತೋ ಅದೇ ಕೈಪಿಡಿಯ ಉದಾಹರಣೆಯಲ್ಲಿ, ಕಟ್ಟನ್ನು ತೆರೆದು ಯಾವ ಪರೀಕ್ಷೆಯೂ ಇಲ್ಲದೆ ಎಲ್ಲವನ್ನೂ ಬಿಚ್ಚುವ ಕ್ರಮವೇ ತೋರಿಸಲ್ಪಟ್ಟಿತ್ತು. ವಿದ್ಯಾರ್ಥಿಯು ಕಲಿಯುವುದು ಉದಾಹರಣೆಯಿಂದ. ಇದನ್ನು ಅಧ್ಯಾಪಕರಿಗೆ ನಾವು ಹೇಳಬೇಕಾದುದಿಲ್ಲ. ಅಲ್ಲದೆ ‘ಪರೀಕ್ಷಿಸು’ ಎಂದವರು ಪರೀಕ್ಷೆಯ ಸಾಧನವನ್ನು ಕೊಡಲಿಲ್ಲ. ಆ ಪರೀಕ್ಷೆಯಾದರೂ ಸುಲಭವೇ? ಹೆಸರಿನಲ್ಲಿ ಚುಕ್ಕಿಗಳಿವೆಯೇ ಎಂದು ನೋಡಿದ ಮಾತ್ರಕ್ಕೆ ಸಾಲದು. ಹೊರಗಿನ ಸ್ಥಾನವನ್ನು ತೋರುವ ‘ಲಿಂಕ್’ ಒಂದನ್ನು ಮೊದಲು ಬಿಚ್ಚಿಸಿ, ಆಮೇಲೆ ನಿರ್ದೋಷವಾಗಿ ಕಾಣುವ ಹೆಸರಿನಿಂದಲೇ ಅದರ ಮೂಲಕ ಹೊರಗೆ ಬರೆಯಿಸಬಹುದು. ಇನ್ನೂ ವಿಚಿತ್ರವೆಂದರೆ, ಅದೇ ಭಂಡಾರದ ‘ಜಿಪ್‌ಫೈಲ್’ 2013ರ 2.7.4ನೆಯ ಆವೃತ್ತಿಯಿಂದ ಇಂಥ ಚುಕ್ಕಿಗಳನ್ನು ತಾನೇ ಕಳೆದುಬಿಡುತ್ತಿತ್ತು. ಒಂದೇ ಮನೆಯ ಇಬ್ಬರಲ್ಲಿ ಒಬ್ಬನು ಬಾಗಿಲಿಗೆ ಅಗಳಿ ಹಾಕುವನು, ಮತ್ತೊಬ್ಬನು ಕಳ್ಳರಿದ್ದಾರೆಂದು ಗೋಡೆಯ ಮೇಲೆ ಬರೆದು ಮಲಗುವನು!

ವಾರ್ತಿಕಕಾರನು ವಿಚಾರಿಸತಕ್ಕದ್ದು ಉಕ್ತ, ಅನುಕ್ತ, ದುರುಕ್ತಗಳನ್ನು. ಪಾಲಕರು ಉಕ್ತವು ಸರಿಯಾಗಿದೆಯೆಂಬಲ್ಲಿಗೇ ನಿಂತರು. ಅನುಕ್ತವನ್ನು, ಎಂದರೆ ಎಲ್ಲೆಯನ್ನು ವಿಧಿಸಬೇಕಾಗಿದ್ದುದನ್ನು, ಎಣಿಕೆಗೆ ತಂದುಕೊಳ್ಳಲಿಲ್ಲ. ಫಲವು 2022ರಲ್ಲಿ ಕಂಡಿತು. ಟ್ರೆಲಿಕ್ಸ್ ಸಂಸ್ಥೆಯ ಸಂಶೋಧಕರು ಈ ದೋಷವನ್ನು ಮತ್ತೆ ಎದುರಿಗೆ ತಂದು, ಬಹಿರಂಗವಾಗಿ ದೊರೆಯುವ ಮೂರೂವರೆ ಲಕ್ಷಕ್ಕೂ ಹೆಚ್ಚು ಪ್ರೋಗ್ರಾಮು ಸಂಗ್ರಹಗಳಲ್ಲಿ ಇದರ ಅಪಾಯವಿರಬಹುದೆಂದು ಅಂದಾಜುಮಾಡಿದರು. ಹದಿನೈದು ವರ್ಷಗಳ ಎಚ್ಚರಿಕೆಯು ಮಾಡಿದ ಕಾರ್ಯವು ಇಷ್ಟು.

ನಿಜವಾದ ತಿದ್ದುಪಡಿಯು 2023ರಲ್ಲಿ ಪೆಟ್ರ್ ವಿಕ್ಟೋರಿನ್ ಎಂಬವರು ಬರೆದ ‘ಪೆಪ್ 706’ ಎಂಬ ಪ್ರಸ್ತಾವದಿಂದ ಬಂದಿತು. ಬಿಚ್ಚುವ ಆಜ್ಞೆಗೆ ‘ಫಿಲ್ಟರ್’ ಎಂಬ ಉಪಾಧಿಯನ್ನು ಇವರು ಸೇರಿಸಿದರು. ‘ಡೇಟಾ’ ಎಂಬ ಫಿಲ್ಟರು ಹೊರಗೆ ಹೋಗುವ ಹೆಸರುಗಳನ್ನೂ ಲಿಂಕುಗಳನ್ನೂ ಯಂತ್ರಸಾಧನಗಳ ವಿಶೇಷ ಫೈಲುಗಳನ್ನೂ ನಿರಾಕರಿಸುತ್ತದೆ. ‘ಟಾರ್’ ಎಂಬುದು ಮಧ್ಯಮವಾದುದು. ‘ಫುಲ್ಲಿ ಟ್ರಸ್ಟೆಡ್’ ಎಂಬುದು ಎಲ್ಲವನ್ನೂ ಹಳೆಯಂತೆಯೇ ಬಿಡುತ್ತದೆ. ಈ ಮೂರನೆಯ ಸಂಜ್ಞೆಯನ್ನು ನಾವು ವಿಶೇಷವಾಗಿ ಮೆಚ್ಚುವೆವು. ಅಪಾಯವನ್ನು ಬಯಸುವವನು ‘ಪೂರ್ಣವಾಗಿ ನಂಬಿದ್ದೇನೆ’ ಎಂದು ತನ್ನ ಕೈಯಿಂದಲೇ ಬರೆಯಬೇಕಾಗುತ್ತದೆ. ‘ಡೇಟಾ’ ಎಂಬ ಹೆಸರು ಮಾತ್ರ ಏನನ್ನೂ ಹೇಳದು. ಸಂಜ್ಞೆಯಲ್ಲಿ ಅನ್ವರ್ಥತೆ ಬೇಕಾಗಿದ್ದ ಕಡೆ ಇದೊಂದು ಕೊರತೆ.

ಆದರೆ 2023ರ ಅಕ್ಟೋಬರಿನಲ್ಲಿ ಹೊರಬಂದ 3.12ನೆಯ ಆವೃತ್ತಿಯಲ್ಲಿ ಫಿಲ್ಟರನ್ನು ಹೇಳದೆ ಬಿಟ್ಟರೆ ಸೂಚನೆಯೊಂದು ಬರುತ್ತಿತ್ತೇ ಹೊರತು ನಡತೆಯು ಹಳೆಯದೇ. 2025ರ ಅಕ್ಟೋಬರಿನ 3.14ರಲ್ಲಿ ‘ಡೇಟಾ’ ತಾನಾಗಿಯೇ ಪ್ರವರ್ತಿಸುವಂತಾಯಿತು. ವೈಯಾಕರಣರ ಪರಿಭಾಷೆಯಲ್ಲಿ, ಅದುವರೆಗೆ ಅಪಾಯವೇ ಉತ್ಸರ್ಗವೂ ರಕ್ಷಣೆಯು ಅಪವಾದವೂ ಆಗಿದ್ದವು. ಈಗ ರಕ್ಷಣೆಯು ಉತ್ಸರ್ಗವಾಗಿ ಅಪಾಯವು ಅಪವಾದವಾಗಿದೆ. ಈ ಎರಡು ವರ್ಷಗಳ ತಡವು ಕ್ಷಮ್ಯ, ಹಳೆಯ ಪ್ರೋಗ್ರಾಮುಗಳಿಗೆ ಅವಕಾಶವು ಬೇಕಷ್ಟೆ. ಅದಕ್ಕೆ ಮೊದಲಿನ ತಡಕ್ಕೆ ನಮಗೆ ಸಮಾಧಾನವು ತೋರುವುದಿಲ್ಲ.

ಫಿಲ್ಟರೂ ನಿರ್ದುಷ್ಟವಾಗಿರಲಿಲ್ಲವೆಂಬುದನ್ನು ಮರೆಮಾಚಬಾರದು. 2025ರ ಜೂನಿನಲ್ಲಿ ಅದರಲ್ಲಿಯೇ ಹಲವು ದೋಷಗಳು ಪ್ರಕಟವಾಗಿ ತಿದ್ದಲ್ಪಟ್ಟವು. ಅವುಗಳಲ್ಲಿ ಮುಖ್ಯವಾದುದಕ್ಕೆ ಕಾರಣವು ಸ್ವಾರಸ್ಯವಾದುದು. ಹೆಸರಿನ ನಿಜವಾದ ಸ್ಥಾನವನ್ನು ಶೋಧಿಸುವ ಉಪಕರಣವು, ಮಾರ್ಗವು ಮಿತಿಮೀರಿ ಉದ್ದವಾದಾಗ (ಲಿನಕ್ಸಿನಲ್ಲಿ ಈ ಮಿತಿಯು 4096 ಬೈಟುಗಳು) ಲಿಂಕುಗಳನ್ನು ಬಿಡಿಸುವುದನ್ನು ಮೌನವಾಗಿ ನಿಲ್ಲಿಸುತ್ತಿತ್ತು. ಹೀಗಾಗಿ ಪರೀಕ್ಷಿಸಿದ ಸ್ಥಾನವೇ ಬೇರೆ, ಬರೆಯಲ್ಪಟ್ಟ ಸ್ಥಾನವೇ ಬೇರೆಯಾಯಿತು. ಇದರಿಂದ ಎಚ್ಚರಿಕೆಯ ಪಕ್ಷವೇ ಮೇಲಾಯಿತೆಂದು ವಾದಿಸುವವರಿಗೆ ನಮ್ಮ ಉತ್ತರವಿದು: ದೋಷವು ಸೂತ್ರದಲ್ಲಿದ್ದುದರಿಂದಲೇ ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಿದ್ದಿದಂತಾಯಿತು; ಪ್ರತಿಯೊಬ್ಬನೂ ತನ್ನ ಪರೀಕ್ಷೆಯನ್ನು ತಾನೇ ಬರೆದುಕೊಂಡಿದ್ದರೆ ಈ ಸೂಕ್ಷ್ಮವು ಎಷ್ಟು ಜನರಿಗೆ ಹೊಳೆಯುತ್ತಿತ್ತು?

ಬಿಚ್ಚಿದಾಗ ಡಿಸ್ಕನ್ನೇ ತುಂಬಿಬಿಡುವಷ್ಟು ಹಿಗ್ಗುವ ಕಟ್ಟುಗಳನ್ನು ಈ ಫಿಲ್ಟರು ತಡೆಯುವುದಿಲ್ಲ. ಗಾತ್ರವನ್ನು ಬಳಸುವವನೇ ನೋಡಿಕೊಳ್ಳಬೇಕೆಂದು ಕೈಪಿಡಿಯು ಸೂಚಿಸುತ್ತದೆ. ಆ ಸೂಚನೆಯನ್ನು ಪ್ರತ್ಯೇಕ ಭಾಗದಲ್ಲಿ ಇರಿಸಿ ಬಿಡದೆ, ಎಲ್ಲರೂ ನಕಲುಮಾಡಿಕೊಳ್ಳುವ ಮೊದಲನೆಯ ಉದಾಹರಣೆಯೊಳಗೇ ಸೇರಿಸಬೇಕೆಂದು ನಮ್ಮ ಅಭಿಪ್ರಾಯ.