ದೇವರ ಪೆಟ್ಟಿಗೆಯ ಅಮೊನೈಟ್

ಶೇಷಾದ್ರಿಪುರದ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಥರ್ಮಾಕೋಲಿನಲ್ಲಿ ಕತ್ತರಿಸಿ ಹಸಿರು ಬಣ್ಣ ಬಳಿದ ಡೈನೋಸಾರ್, ಪಕ್ಕದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೇಲೆ ಒತ್ತಿದ ಕಪ್ಪೆಚಿಪ್ಪಿನ ಅಚ್ಚು. ಮೇಜಿನ ಹಿಂದೆ ನಿಂತಿದ್ದ ಹುಡುಗಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ‘ನಮ್ಮ ಬೆಂಗಳೂರಲ್ಲೂ ಡೈನೋಸಾರ್ ಮೂಳೆ ಸಿಗುತ್ತಾ ಪುಟ್ಟಾ?’ ಅಂತ ಕೇಳಿದೆ. ಅವಳು ತಿರುಗಿ ಮಿಸ್ ಮುಖ ನೋಡಿದಳು. ‘ಅದೆಲ್ಲ ಸಿಲೆಬಸ್ಸಲ್ಲಿ ಇಲ್ಲ ಮೇಡಂ’ ಅಂದರು ಮಿಸ್.

ಅವರನ್ನು ದೂರಲಾರೆ. ಆದರೆ ಪಳೆಯುಳಿಕೆಯ ಪಾಠ ಶುರುವಾಗಬೇಕಾದದ್ದೇ ಆ ಪ್ರಶ್ನೆಯಿಂದ. ಮನೆಗೆ ಬಂದು ಎನ್‌ಸಿಇಆರ್‌ಟಿಯ 10ನೇ ತರಗತಿಯ ಹಳೆಯ ವಿಜ್ಞಾನ ಪುಸ್ತಕ ಹುಡುಕಿ ತೆಗೆದೆ. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯದಲ್ಲಿ ಪಳೆಯುಳಿಕೆಗೆ ಸಿಕ್ಕಿದ್ದ ಜಾಗ ಒಂದೆರಡು ಪುಟ ಮಾತ್ರ. ಅಷ್ಟರಲ್ಲೇ ಒಂದು ಒಳ್ಳೆಯ ಕೆಲಸ ಆಗಿತ್ತು. ಸಮುದ್ರದ ತಳದಲ್ಲಿ ಸತ್ತ ಬೆನ್ನೆಲುಬಿಲ್ಲದ ಜೀವಿಗಳು ಮರಳಿನಡಿ ಹೂತುಹೋಗುವುದು, ಎಷ್ಟೋ ಕಾಲದ ಮೇಲೆ ಅದರ ಮೇಲಿನ ಕೆಸರಿನಲ್ಲಿ ಡೈನೋಸಾರ್‌ಗಳು, ಇನ್ನೂ ಮೇಲೆ ಕುದುರೆಯಂಥ ಪ್ರಾಣಿಗಳು. ಅಗೆಯುತ್ತ ಹೋದಂತೆ ಹಳೆಯದು ಸಿಗುತ್ತದೆ ಎಂಬುದನ್ನು ಪದರಗಳ ಚಿತ್ರದೊಂದಿಗೆ ಹಂತಹಂತವಾಗಿ ತೋರಿಸಿದ್ದರು. ಭೂಮಿಯನ್ನೇ ಪುಸ್ತಕದಂತೆ ಓದಬಹುದು ಎಂದು ಹದಿನೈದರ ಮಗುವಿಗೆ ಆ ಒಂದು ಚಿತ್ರದಿಂದಲೇ ಗೊತ್ತಾಗುತ್ತಿತ್ತು.

ಅದೇ ಪಾಠದಲ್ಲಿ ತಪ್ಪು ದಾರಿಗೆ ಎಳೆಯುವ ಮಾತೂ ಇದೆ. ಸತ್ತ ಕೀಟ ಬಿಸಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಬೇಗ ಕೊಳೆಯುವುದಿಲ್ಲ, ಕೆಸರು ಗಟ್ಟಿಯಾಗಿ ಅದರ ಅಚ್ಚು ಉಳಿಯುತ್ತದೆ ಎಂಬ ಉದಾಹರಣೆ. ಪಳೆಯುಳಿಕೆಗೆ ಬಿಸಿ ಬೇಕಿಲ್ಲ. ಬೇಕಾದದ್ದು ನಯವಾದ ಕೆಸರು, ಸತ್ತ ಕೂಡಲೇ ಮುಚ್ಚಿಹೋಗುವುದು, ಆಮ್ಲಜನಕ ತಾಗದಿರುವುದು. ಎಲ್ಲ ಸತ್ತ ಪ್ರಾಣಿಗಳೂ ಯಾಕೆ ಪಳೆಯುಳಿಕೆ ಆಗುವುದಿಲ್ಲ ಎಂದು ಮಗು ಕೇಳಿದರೆ ಉತ್ತರ ಇರುವುದು ಈ ಮೂರರಲ್ಲಿ. ಭಾಷೆಯೂ ಅಷ್ಟೇ, ಅನುವಾದದ ಒಣ ಕನ್ನಡ. ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಓದಿ ಬೆಳೆದವರಿಗೆ ಇದು ಎಷ್ಟು ಬೇಸರ ತರಿಸುತ್ತದೆಂದು ಹೇಳಬೇಕಿಲ್ಲ.

ಚಿತ್ರಗಳಿಗೆ ಬರೋಣ. ಕಲ್ಲಾದ ಮರದ ಕಾಂಡ, ಟ್ರೈಲೋಬೈಟ್, ನೈಟಿಯಾ ಎಂಬ ಮೀನು, ನರ್ಮದಾ ಕಣಿವೆಯ ರಾಜಸಾರಸ್ ತಲೆಬುರುಡೆ. ಇವುಗಳ ನಡುವೆ ಸುರುಳಿ ಸುತ್ತಿದ ಒಂದು ಚಿಪ್ಪು, ಕೆಳಗೆ ‘ಅಮೊನೈಟ್’ ಎಂಬ ಹೆಸರು. ಅದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ತಾತನ ದೇವರ ಪೆಟ್ಟಿಗೆ.

ತಾತ ಬೆಳಗಿನ ಪೂಜೆಯಲ್ಲಿ ಸಾಲಿಗ್ರಾಮಗಳನ್ನು ಒಂದೊಂದಾಗಿ ತಟ್ಟೆಗಿಟ್ಟು ಶಂಖದಲ್ಲಿ ನೀರೆರೆಯುತ್ತಿದ್ದರು. ಒರೆಸಿದ ಮೇಲೆ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನಮ್ಮನ್ನು ಕರೆಯುತ್ತಿದ್ದರು. ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ, ನೋಡಬಹುದಿತ್ತು. ಎಣ್ಣೆ ಹಚ್ಚಿದಂತೆ ಹೊಳೆಯುವ ಕರಿ ಕಲ್ಲು, ಅದರಲ್ಲೊಂದು ಪುಟ್ಟ ಬಾಯಿ. ಅದಕ್ಕೆ ವದನ ಎನ್ನುತ್ತಿದ್ದರು. ಒಳಗೆ ಇಣುಕಿದರೆ ಏಣು ಏಣಾಗಿ ಸುತ್ತಿಕೊಂಡ ಚಕ್ರ. ‘ವಜ್ರಕೀಟ ಕೊರೆದದ್ದು’ ಅನ್ನುತ್ತಿದ್ದರು ತಾತ. ಆ ಕಲ್ಲು ನೇಪಾಳದ ಗಂಡಕಿ ನದಿಯದು. ಒಳಗಿನ ಚಕ್ರ, ಸುಮಾರು 15 ಕೋಟಿ ವರ್ಷಗಳ ಹಿಂದೆ ಇಂದಿನ ಹಿಮಾಲಯದ ಜಾಗದಲ್ಲಿದ್ದ ಸಮುದ್ರದಲ್ಲಿ ಈಜುತ್ತಿದ್ದ ಅಮೊನೈಟ್‌ನ ಚಿಪ್ಪಿನ ಗುರುತು. ಕಲ್ಲಿನೊಳಗೆ ಒಂದು ಜೀವಿಯ ಕೈವಾಡವಿದೆ ಎಂಬುದನ್ನು ನಮ್ಮ ಹಿರಿಯರು ಗಮನಿಸಿದ್ದರು, ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದರು.

ಶೇಷಾದ್ರಿಪುರ, ಮಲ್ಲೇಶ್ವರ, ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಸಾಲಿಗ್ರಾಮಕ್ಕೆ ನಿತ್ಯ ಪೂಜೆಯಿದೆ. ಆ ಮನೆಯ ಮಗುವೇ ಶಾಲೆಯಲ್ಲಿ ಅಮೊನೈಟ್ ಚಿತ್ರ ನೋಡಿ, ಹೆಸರು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆತುಬಿಡುತ್ತದೆ. ಎರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಮನೆಯವರಿಗೆ ನೋವಾದೀತು ಎಂಬ ಅಳುಕು ಇರಬಹುದು. ನನ್ನ ಅನುಭವ ಬೇರೆ. ಅದರ ವಯಸ್ಸು ತಿಳಿದ ದಿನದಿಂದ ಆ ಕಲ್ಲಿನ ಮುಂದೆ ನನ್ನ ತಲೆ ಮತ್ತಷ್ಟು ಬಾಗಿದೆ.

ಇನ್ನು ಆ ಹುಡುಗಿಗೆ ಸಿಗದೇ ಹೋದ ಉತ್ತರ. ಬೆಂಗಳೂರಿನ ನೆಲದಡಿ ಇರುವುದು ಪೆನಿನ್ಸುಲಾರ್ ನೈಸ್ ಎಂಬ ಬಂಡೆ, ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದ ಕಾವಿನಲ್ಲಿ ಬೆಂದು ಆದ ಕಲ್ಲು. ಅದರಲ್ಲಿ ಚಿಪ್ಪಾಗಲಿ ಮೂಳೆಯಾಗಲಿ ಸಿಗದು. ಡೈನೋಸಾರ್‌ಗಳು ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷಗಳ ಹಿಂದೆ. ಅವು ಇಲ್ಲಿ ಓಡಾಡಿರಲೂಬಹುದು. ಅವುಗಳನ್ನು ಹೂತು ಕಾಪಾಡುವಂಥ ಕೆಸರಿನ ಪದರ ಇಲ್ಲಿ ಉಳಿದಿಲ್ಲ. ‘ಸಿಗುವುದಿಲ್ಲ’ ಎಂಬ ಈ ಉತ್ತರದಲ್ಲೇ ಒಂದು ಇಡೀ ಪಾಠವಿದೆ. ಈ ಬಡಾವಣೆಗೆ ಹೆಸರು ಕೊಟ್ಟ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗಲೇ, 1894ರಲ್ಲಿ, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾಯಿತು. ಅಂಥವರ ಹೆಸರಿನ ಬಡಾವಣೆಯ ಮಕ್ಕಳಿಗೆ ಕಾಲಡಿಯ ಕಲ್ಲಿನ ಪರಿಚಯವಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಹಾಗಂತ ಕರ್ನಾಟಕದಲ್ಲಿ ಪಳೆಯುಳಿಕೆಗೆ ಬರವಿಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗ ಕಡೆಯ ಕುಂಸಿ, ಚಿತ್ರದುರ್ಗದ ಸೀಮೆ, ಇಲ್ಲೆಲ್ಲ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸುಮಾರು 260 ಕೋಟಿ ವರ್ಷಗಳ ಹಿಂದೆ, ತಿಳಿನೀರಿನ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹಾವಸೆಯಂತೆ ಹರಡಿ, ಸುಣ್ಣದ ಕಣಗಳನ್ನು ಹಿಡಿದಿಟ್ಟು, ಪದರದ ಮೇಲೆ ಪದರ ಕಟ್ಟಿದ ಕಲ್ಲು ಅದು. ಅಡ್ಡ ಕೊಯ್ದರೆ ಈರುಳ್ಳಿ ಹೋಳಿನಂತೆ ಕಾಣುತ್ತದೆ. ನಾವು ಇಂದು ಉಸಿರಾಡುವ ಆಮ್ಲಜನಕವನ್ನು ಮೊದಲು ಈ ಭೂಮಿಗೆ ತುಂಬಿದ್ದು ಇಂಥ ಜೀವಿಗಳೇ. ಗೋಕಾಕದ ಹತ್ತಿರ ಸಿಕ್ಕ ಘೇಂಡಾಮೃಗದ ಎಲುಬುಗಳ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಬರೆದ. ಬೆಳಗಾವಿ ಸೀಮೆಯಲ್ಲಿ ಘೇಂಡಾಮೃಗ! ಈ ಒಂದು ಮಾತು ಸಾಕು, ಕೊನೆಯ ಬೆಂಚಿನ ಮಗುವೂ ತಲೆ ಎತ್ತುತ್ತದೆ. ಪುಸ್ತಕದಲ್ಲಿ ಇವು ಯಾವುವೂ ಇರಲಿಲ್ಲ. ದೇಶಕ್ಕೆಲ್ಲ ಒಂದೇ ಪುಸ್ತಕವಾದಾಗ ಆಗುವ ನಷ್ಟ ಇದು.

ಆ ಒಂದೆರಡು ಪುಟವೂ ಈಗಿಲ್ಲ. ಹೊರೆ ಇಳಿಸುವ ಹೆಸರಿನಲ್ಲಿ 2023ರ ಮುದ್ರಣದಿಂದ ಜೀವವಿಕಾಸದ ಭಾಗವನ್ನು ತೆಗೆದರು. ಅಧ್ಯಾಯದ ಹೆಸರು ಬರೀ ‘ಅನುವಂಶೀಯತೆ’ ಆಯಿತು. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬೇಡವೆಂದು ಕೇಳಿಕೊಂಡರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆಯಲ್ಲ ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಕಾಮರ್ಸ್‌ಗೋ ಆರ್ಟ್ಸ್‌ಗೋ ಹೋಗುವ ಮಗು ಅದನ್ನು ಎಂದೂ ತೆರೆಯುವುದಿಲ್ಲ. ಕುಂದುಗಳಿದ್ದ ಪಾಠವನ್ನು ತಿದ್ದಬೇಕಿತ್ತು. ಕಿತ್ತುಹಾಕಿದ್ದು ತಪ್ಪು.

ಮೇಷ್ಟ್ರುಗಳಲ್ಲಿ, ಮಿಸ್‌ಗಳಲ್ಲಿ ನನ್ನದೊಂದು ಕೋರಿಕೆ. ಪುಸ್ತಕಕ್ಕೆ ಕಾಯಬೇಡಿ. ನಲವತ್ತೈದೂವರೆ ಮೀಟರ್ ಟ್ವೈನ್ ದಾರ ತನ್ನಿ, ಒಂದು ಮೀಟರಿಗೆ ಹತ್ತು ಕೋಟಿ ವರ್ಷ. ಒಂದು ತುದಿಯಲ್ಲಿ ಭೂಮಿಯ ಹುಟ್ಟು, ಇನ್ನೊಂದು ತುದಿ ಇವತ್ತು. ಇವತ್ತಿನಿಂದ ಹಿಂದಕ್ಕೆ ಅಳೆಯಿರಿ: ಮೂವತ್ತನೇ ಮೀಟರಿಗೆ ನಮ್ಮ ಬಂಡೆ, ಇಪ್ಪತ್ತಾರಕ್ಕೆ ದೊಡ್ಡಗುಣಿ, ಒಂದೂವರೆಗೆ ತಾತನ ಸಾಲಿಗ್ರಾಮ, ಅರವತ್ತಾರು ಸೆಂಟಿಮೀಟರಿಗೆ ಡೈನೋಸಾರ್‌ಗಳ ಕೊನೆ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ 12 ಲಕ್ಷ ವರ್ಷಗಳ ಹಿಂದೆ ಕಲ್ಲಿನ ಕೈಕೊಡಲಿ ಮಾಡಿದವರು ತುದಿಯಿಂದ ಒಂದು ಸೆಂಟಿಮೀಟರಿನ ಆಚೆ ಈಚೆ. ನಮ್ಮ ಪ್ರಭೇದದ ಮನುಷ್ಯರಿಗೆ ಸಿಗುವುದು ಮೂರು ಮಿಲಿಮೀಟರ್. ಒಂದೊಂದು ಗಂಟನ್ನೂ ಮಕ್ಕಳ ಕೈಯಲ್ಲೇ ಹಾಕಿಸಿ.

ಆಮೇಲೆ ಒಂದು ಶನಿವಾರ ಬೆಳಗ್ಗೆ ಅವರನ್ನು ಲಾಲ್‌ಬಾಗಿನ ಬಂಡೆಗೆ ಕರೆದುಕೊಂಡು ಹೋಗಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಫಲಕವೂ ಅಲ್ಲೇ ಇದೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿದರೆ ಐದನೇ ನಿಲ್ದಾಣ.