ಆರೋಪ ತಿಳಿಯದ ಆರೋಪಿ

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ನಾನು ಮೊದಲು ಓದಿದ್ದು ಕಾಲೇಜಿನಲ್ಲಿದ್ದಾಗ. ಅಷ್ಟಾಗಿ ಹಿಡಿಸಲಿಲ್ಲ. ಮುಂಬಯಿಯ ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪ, ತನ್ನ ವಿರುದ್ಧ ಸಂಚು ನಡೆದಿದೆಯೆಂದು ಪುಟಗಟ್ಟಲೆ ತಳಮಳಿಸುವುದು ಅತಿಯೆನಿಸಿತ್ತು. ಹೋಗಿ ನೇರವಾಗಿ ಕೇಳಬಾರದೆ ಎಂದು ಗೆಳೆಯರೊಡನೆ ವಾದಿಸಿದ್ದೆ.

ಮುಂದೆ ನಾನೂ ಒಂದು ಕಚೇರಿ ಸೇರಿದೆ. ಪಕ್ಕದ ಮೇಜಿನ ಹಿರಿಯರೊಬ್ಬರನ್ನು ಒಂದು ಸಂಜೆ ಸಸ್ಪೆಂಡ್ ಮಾಡಿದರು. ವಿಚಾರಣೆ ಬಾಕಿಯಿದೆ ಎಂಬುದನ್ನು ಬಿಟ್ಟು ಆದೇಶದಲ್ಲಿ ಬೇರೇನೂ ಇರಲಿಲ್ಲ. ಮಾರನೆಯ ದಿನ ಕ್ಯಾಂಟೀನಿನಲ್ಲಿ ನಾಲ್ಕು ಕಾರಣಗಳು ಓಡಾಡುತ್ತಿದ್ದವು. ವಾರ ಕಳೆಯುವುದರೊಳಗೆ ಅವರು ತಮ್ಮ ಇಪ್ಪತ್ತು ವರ್ಷದ ನೌಕರಿಯನ್ನೆಲ್ಲ ಕೆದಕಿ ತಮ್ಮ ತಪ್ಪನ್ನು ತಾವೇ ಹುಡುಕತೊಡಗಿದ್ದರು. ಆಗ ‘ಶಿಕಾರಿ’ಯನ್ನು ಮತ್ತೆ ತೆಗೆದೆ.

1979ರಲ್ಲಿ ಬಂದ ಈ ಕಾದಂಬರಿಯನ್ನು ಬರೆದವರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲೇ ದುಡಿದವರು. ಅಧಿಕಾರ ಕುರ್ಚಿಯಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ಅದು ಗೊತ್ತಿರುವುದನ್ನು ಹೇಳದೆ ಇರುವುದರಲ್ಲಿದೆ ಎಂಬುದನ್ನು ಚಿತ್ತಾಲರು ಕಂಡುಕೊಂಡಿದ್ದಾರೆ. ಜಗಳವಾಡಬೇಕಾದರೆ ಏತಕ್ಕೆ ಜಗಳ ಎಂಬುದಾದರೂ ಇಬ್ಬರಿಗೂ ಗೊತ್ತಿರಬೇಕು. ಅದನ್ನು ಮುಚ್ಚಿಟ್ಟವನು ಆಗಲೇ ಅರ್ಧ ಗೆದ್ದಿರುತ್ತಾನೆ. ಉಳಿದರ್ಧವನ್ನು ಬೇಟೆಗೆ ಸಿಕ್ಕವನ ಹೆದರಿಕೆಯೇ ಮಾಡಿಕೊಡುತ್ತದೆ. ಮೇಲಧಿಕಾರಿ ಫಿರೋಜ್ ಬಂದೂಕವಾಲಾ, ಹಳೆಯ ಪರಿಚಯದ ಶ್ರೀನಿವಾಸ, ಇವರ ಒಂದೊಂದು ಮಾತಿಗೂ ನಾಗಪ್ಪ ಹತ್ತು ಅರ್ಥ ಹಚ್ಚುತ್ತಾನೆ. ಯಾವುದು ನಿಜ, ಯಾವುದು ಅವನ ಗುಮಾನಿ ಎಂಬುದು ಓದುಗನಿಗೂ ಬಿಡಿಸಲಾಗದು. ನಾನು ಹಿಂದೆ ದೋಷವೆಂದುಕೊಂಡದ್ದು ಇದನ್ನೇ. ಈಗ ಅದೇ ಈ ಕೃತಿಯ ಸತ್ವವೆಂದು ತೋರುತ್ತದೆ.

ಆದರೂ ನನಗೊಂದು ಅತೃಪ್ತಿ ಉಳಿದಿದೆ. ಕಥೆಯೆಲ್ಲ ನಾಗಪ್ಪನ ಮನಸ್ಸಿನೊಳಗಿಂದಲೇ ಹಾಯ್ದು ಬರುವುದರಿಂದ ಬೇಟೆಯಾಡದೆ, ಬೇಟೆಗೂ ಸಿಕ್ಕದೆ, ಸುಮ್ಮನೆ ನೋಡುತ್ತ ನಿಂತವರ ಒಳಗು ನಮಗೆ ಕಾಣುವುದಿಲ್ಲ. ಯಾವ ಸಂಸ್ಥೆಯಲ್ಲಾದರೂ ಹೆಚ್ಚಿನವರು ಅಂಥವರೇ. ಅವರ ಮೌನವಿಲ್ಲದೆ ಇಂಥ ಶಿಕಾರಿ ಒಂದು ದಿನವೂ ಸಾಗಲಾರದು. ಆ ಮೌನವನ್ನು ಒಳಗಿನಿಂದ ತೋರಿಸುವ ಕಾದಂಬರಿಗಾಗಿ ನಾನು ಇನ್ನೂ ಹುಡುಕುತ್ತಿದ್ದೇನೆ.

ಇದನ್ನು ಕೃತಿಯ ಕೊರತೆಯೆನ್ನಬೇಕೋ, ನನ್ನ ಕಸಿವಿಸಿಯೆನ್ನಬೇಕೋ ತಿಳಿಯದು. ಆ ಹಿರಿಯರು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, “ಆಫೀಸಿನಲ್ಲಿ ನನ್ನ ಬಗ್ಗೆ ಏನಂತಾರಪ್ಪ?” ಎಂದು ಕೇಳಿದ್ದರು. ಆ ನಾಲ್ಕು ಕಾರಣಗಳೂ ನನಗೆ ಗೊತ್ತಿದ್ದವು.

“ಏನಿಲ್ಲ ಸಾರ್” ಎಂದು ಬಸ್ಸು ಹತ್ತಿದ್ದೆ.